ಕೆಡವಿದ ಮನೆಯೊಳಗೆ

“ಕನ್ನಡಕ ಬಿಗಿಯಾಯ್ತೇನಮ್ಮ?” ತಂತ್ರಜ್ಞ ಕೇಳಿದ.

“ಕುದುರೆಗೆ ಕಟ್ಟೋ ಕಣ್ಣುಪಟ್ಟಿ ಇದಕ್ಕಿಂತ ವಾಸಿ. ಬೇಗ ಮುಗಿಸಪ್ಪ” ಎಂದಳು ತಾಯಿ.

ಖಾಲಿ ಹಾಲ್‌ನ ಮೂಲೆಯಲ್ಲಿ ಮಗಳು ಕೈಕಟ್ಟಿ ನಿಂತಿದ್ದಳು. ಇದೊಂದನ್ನು ತೋರಿಸಿಬಿಟ್ಟರೆ ಆಯಿತು. ಆಮೇಲೆ ತಾಯಿಯ ಜೊತೆ ಮಾತಿಲ್ಲ, ಹೋಗಿಬರುವುದಿಲ್ಲ. ಅದು ತೀರ್ಮಾನವಾಗಿತ್ತು.

ಅಪ್ಪ ಬೇರೆ ಮನೆ ಮಾಡಿದ ದಿನ ತಾಯಿ ಹೇಳಿದ್ದಳು: “ಆ ಮನುಷ್ಯನ ಮನೆಗೆ ನಾನು ಕಾಲಿಡಲ್ಲ.” ಮಗಳು ಬಲ್ಲಂತೆ ಇಡಲಿಲ್ಲ. ಅವನ ಹೆಣ ಎತ್ತುವಾಗಲೂ ಹೋಗಲಿಲ್ಲ. ಬೇರೆ ಊರಿನಲ್ಲಿದ್ದ ಮಗಳಿಗೆ ಅಪ್ಪ ಫೋನಿನಲ್ಲಿ ಹೇಳುತ್ತಿದ್ದದ್ದು ಒಂದೇ: “ಆರಾಮಾಗಿದೀನಿ, ಊಟ ಆಯ್ತು.” ಹಾಸಿಗೆ ಹಿಡಿದ ಮೇಲೂ ಅದನ್ನೇ ಹೇಳಿದ. ಆ ಬಾಡಿಗೆ ಮನೆಯನ್ನು ಅವಳು ನೋಡಿದ್ದು ಅವನು ಹೋದ ಮೇಲೆ, ಒಮ್ಮೆ, ಸ್ಕ್ಯಾನರ್ ಹೊತ್ತ ಈ ತಂತ್ರಜ್ಞನ ಜೊತೆ. ಮರುವಾರ ಮಾಲೀಕ ಮನೆ ಕೆಡವಿಸಿದ.

ನೀನು ಬರದಿದ್ದರೆ ಮನೆಯೇ ನಿನ್ನ ಹತ್ತಿರ ಬರುತ್ತದೆ ಎಂದು ಮಗಳು ಹಟ ಹಿಡಿದಿದ್ದಳು. ಫೋಟೋಗಳನ್ನೂ ಸ್ಕ್ಯಾನರ್ ಅಳೆದ ದೂರಗಳನ್ನೂ ಜೋಡಿಸಿ ತಂತ್ರಜ್ಞ ಅದನ್ನು ಮತ್ತೆ ಕಟ್ಟಿದ್ದ. ಕನ್ನಡಕ ಹಾಕಿಕೊಂಡು ಈ ಹಾಲ್‌ನಲ್ಲಿ ನಡೆದರೆ ಆ ಮನೆಯೊಳಗೇ ನಡೆದಂತೆ.

“ಒಂದೇ ಕುರ್ಚಿ, ನೋಡು. ಒಂದೇ ತಟ್ಟೆ” ಎಂದಳು ಮಗಳು. “ಒಬ್ಬರೂ ಬಂದವರಿಲ್ಲ, ವಿಚಾರಿಸಿದವರಿಲ್ಲ.”

“ಕಾಣ್ತಿದೆ. ಕಣ್ಣಿಗೆ ಕಟ್ಟಿದೀರಿ ಅಷ್ಟೆ, ಕುರುಡಿ ಮಾಡಿಲ್ಲ.”

ತಾಯಿ ಕುರ್ಚಿಯನ್ನು ಬಳಸಿಕೊಂಡು ಹೋದಳು. ಅಡುಗೆಮನೆಯ ಬಾಗಿಲಲ್ಲಿ ಕೊಕ್ಕರೆಯ ಹಾಗೆ ಕಾಲೆತ್ತಿ ಹೆಜ್ಜೆಯಿಟ್ಟಳು. ಮಗಳಿಗೆ ನಗು ಬಂತು, ನಗಲಿಲ್ಲ.

ಸ್ವಲ್ಪ ಹೊತ್ತು ಒಲೆಯ ಎದುರು ನಿಂತು ತಾಯಿ ಕನ್ನಡಕ ಕಿತ್ತಳು. “ನೋಡಿದ್ದಾಯ್ತಲ್ಲ. ಹೊರಡ್ಲಾ?”

“ಹೊರಡು. ಇನ್ನು ನನಗೆ ಫೋನೂ ಮಾಡ್ಬೇಡ.”

“ಆಯ್ತು ಬಿಡಮ್ಮ.” ತಾಯಿ ಚಪ್ಪಲಿ ಮೆಟ್ಟಿಕೊಂಡು ಹೋದಳು.

ತಂತ್ರಜ್ಞ ಕನ್ನಡಕ ಒರೆಸುತ್ತ ತಲೆ ಕೆರೆದುಕೊಂಡ.

“ಒಂದು ತಪ್ಪಾಗಿದೆ, ಮೇಡಂ. ಪಾಲಿಶ್ ಮಾಡಿದ ಕಪ್ಪು ಕಲ್ಲಿಗೆ ಬಿದ್ರೆ ಸ್ಕ್ಯಾನರ್ ಬೆಳಕು ವಾಪಸ್ ಬರಲ್ಲ. ಅಡುಗೆಮನೆ ಬಾಗಿಲಲ್ಲಿ ಅವತ್ತು ನೀವು ಎಡವಿ ಬಿದ್ರಲ್ಲ, ಆ ಎತ್ತರದ ಹೊಸ್ತಿಲು ಇದರಲ್ಲಿ ಬಂದೇ ಇಲ್ಲ, ಬರೀ ಸಪಾಟು ನೆಲ. ಅಮ್ಮನಿಗೆ ಅಭ್ಯಾಸ ನೋಡಿ, ಇಲ್ಲದ ಹೊಸ್ತಿಲನ್ನೂ ದಾಟಿಬಿಟ್ರು.”