ಗಂಗವ್ವ ತುಂಬಿದ ಫಾರಂ

ಇದು ನನ್ನದೇ ಪೆದ್ದತನದ ಕಥೆ... ಗಂಗವ್ವನ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇನೆ.

ನಾನು ಒಂದು ಯೂನಿವರ್ಸಿಟಿ ಲೈಬ್ರರಿಯಲ್ಲಿ ಅಧಿಕಾರಿ. ನಮ್ಮಲ್ಲಿ ಆರೋಗ್ಯ ಮಾಹಿತಿ ಕೌಂಟರ್ ಇದೆ. ವಿದ್ಯಾರ್ಥಿ, ಸಿಬ್ಬಂದಿ ಯಾರೇ ಬಂದು ಕಾಯಿಲೆಯ ಬಗ್ಗೆ ಕೇಳಿದರೂ ನಂಬುವಂಥ ಪುಸ್ತಕ ಹುಡುಕಿಕೊಡುವವರು ವಾರಿಜಾ ಮೇಡಂ.

ಬರುವವರು ಕಡಿಮೆ, ಮುಚ್ಚಿಬಿಡೋಣ ಎಂಬ ಮಾತು ಬಂತು. ಬಳಸಿದವರನ್ನೇ ಕೇಳೋಣ ಎಂದು ನಾನೇ ಫಾರಂ ತಯಾರಿಸಿದೆ. ಇಪ್ಪತ್ತೆರಡು ಪ್ರಶ್ನೆ... ಭಾರಿ ಜಂಬ ನನಗೆ.

ಮೀಟಿಂಗಿನಲ್ಲಿ ಒಂದು ಫಾರಂ ಜೋರಾಗಿ ಓದಿದೆ. ಹಾಸ್ಟೆಲ್ ಮೆಸ್ಸಿನಲ್ಲಿ ರೊಟ್ಟಿ ಬಡಿಯುವ ಗಂಗವ್ವನದು.

ಪ್ರಶ್ನೆಗೆ ಉತ್ತರ ಸಿಕ್ಕಿತೇ? ಇಲ್ಲ.
ಪುಸ್ತಕ ಸಿಕ್ಕಿತೇ? ಇಲ್ಲ.
ಎಷ್ಟು ಸಮಯ ಹಿಡಿಯಿತು? ಮೂರು ತಾಸು...

ಎಲ್ಲರೂ ನಕ್ಕರು. ವಾರಿಜಾ ಮೇಡಂ ತಲೆ ತಗ್ಗಿಸಿದರು.

"ಅವರು ಬರೆದದ್ದೆಲ್ಲ ನಿಜ ಸರ್. ಉಳಿದದ್ದು ಅವರ ಸ್ವಂತ ವಿಷಯ, ನಾನು ಹೇಳುವಂತಿಲ್ಲ."

ಮುಚ್ಚಲು ಒಳ್ಳೆ ಸಾಕ್ಷಿ ಸಿಕ್ಕಿತು ಅಂದುಕೊಂಡು ಗಂಗವ್ವನನ್ನೇ ಮೀಟಿಂಗಿಗೆ ಕರೆಸಿದೆ. ಹಿಟ್ಟಿನ ಕೈ ಸೆರಗಿಗೆ ಒರೆಸಿಕೊಳ್ಳುತ್ತ ಬಂದರು. ಅವತ್ತು ಏನಾಯಿತು ಎಂದು ಕೇಳಿದೆ.

"ಎದಿ ಹಿಂಡತಿತ್ರೀ ಸರ. ಫೋನಿನ್ಯಾಗ ಹುಡುಕಿದ್ರ ಗ್ಯಾಸ್ ಅಂತ ಬಂದಿತ್ತು. ಗ್ಯಾಸಿನ ಮದ್ದಿನ ಪುಸ್ತಕ ಕೊಡ್ರಿ ಅಂದೆ. ಮೇಡಂ ಕೊಡಲಿಲ್ಲ... ಇದು ಡಾಕ್ಟರು ನೋಡಬೇಕಾದ್ದು ಅಂತ ಕೌಂಟರ್ ಮುಚ್ಚಿ, ಆಟೋದಾಗ ದವಾಖಾನಿಗೆ ಕರ್ಕೊಂಡು ಹೋದ್ರು. ಮೂರು ತಾಸು ನನ್ನ ಕೈ ಬಿಡಲಿಲ್ರೀ."

ಅದು ಗ್ಯಾಸ್ ಆಗಿರಲಿಲ್ಲ... ಹೃದಯಾಘಾತ. ಇನ್ನೂ ತಡವಾಗಿದ್ದರೆ ಉಳಿಸುವುದು ಕಷ್ಟವಿತ್ತು ಎಂದರಂತೆ ಡಾಕ್ಟರ್.

ಹಾಗಾದರೆ ಫಾರಂನಲ್ಲಿ ಇಲ್ಲ, ಇಲ್ಲ ಎಂದು ಯಾಕೆ ಬರೆದಿರಿ ಅಂದೆ. ನನ್ನ ದನಿ ಆಗಲೇ ಇಳಿದಿತ್ತು.

"ಕೇಳಿದ್ದಕ್ಕ ಖರೇನ ಬರೀಬೇಕಲ್ರೀ. ಜೀವ ಉಳೀತೇನು ಅಂತ ನೀವು ಎಲ್ಲಿ ಕೇಳೀರಿ?"

ವಾರಿಜಾ ಮೇಡಂ ಕಣ್ಣೊರೆಸಿಕೊಂಡರು... ನನಗೂ ತಡೆಯಲಾಗಲಿಲ್ಲ. ಅಷ್ಟು ಜನರ ಮುಂದೆಯೇ ಮೇಡಂ ಅವರ ಕ್ಷಮೆ ಕೇಳಿದೆ.

ಕೌಂಟರ್ ಉಳಿಯಿತು. ಈಗ ಫಾರಂನಲ್ಲಿರುವುದು ಒಂದೇ ಪ್ರಶ್ನೆ: ಇಲ್ಲಿಗೆ ಬಂದ ಮೇಲೆ ಏನಾಯಿತು? ಕೆಳಗೆ ಪೂರ್ತಿ ಖಾಲಿ ಜಾಗ.

*ತನಗೆ ಗೊತ್ತಿಲ್ಲದ್ದನ್ನು ಒಪ್ಪಿಕೊಂಡು, ಗೊತ್ತಿರುವವರ ಬಳಿಗೆ ಕೈಹಿಡಿದು ಕರೆದೊಯ್ಯುವುದೂ ದೊಡ್ಡ ಸೇವೆಯೇ.*

ನಿಮ್ಮ ಜೊತೆ ಕೆಲಸ ಮಾಡುವವರಿಗೆ ಮಾರ್ಕ್ಸ್ ಹಾಕುವ ಮುನ್ನ, ಅವರಿಂದ ಉಪಕಾರ ಪಡೆದವರನ್ನು ಎಂದಾದರೂ ಒಂದು ಮಾತು ಕೇಳಿದ್ದೀರಾ?