ಇಳಿಹೊಳೆ

ಅಂಬಿಗರು ಸುಮ್ಮಸುಮ್ಮನೆ ನಾಲಿಗೆಗೆ ತಾರದ ಮಾತದು: ಇಳಿಹೊಳೆ. ನೆರೆ ಇಳಿದಾಗ ಹಿರಿಯ ಅದನ್ನು ಆಡಿದನೋ, ಮುಗಿಯಿತು. ಕೊಚ್ಚಿಹೋದವನನ್ನು ಹುಡುಕುವುದು ಬಿಟ್ಟು ತಿಥಿಗೆ ಅಣಿಯಾಗಬೇಕು.

ಈ ಸಲ ಕೊಚ್ಚಿಹೋದವನು ಹಿರಿಯನ ಮಗನೇ. ಗಂಡ ಕೊಚ್ಚಿಹೋದ ದಿನವೇ ಸೊಸೆ ಹಿರಿಯನ ಕಾಲು ಹಿಡಿದಿದ್ದಳು: "ಆ ಮಾತೊಂದು ಆಡ್ಬೇಡಿ ಮಾವ." ಅಂದಿನಿಂದ ಅವನ ತುಟಿಯನ್ನೇ ಕಾಯುತ್ತಿದ್ದಳು.

ಒಂಬತ್ತನೇ ದಿನ ಬಟ್ಟೆ ಒಗೆಯುವ ಕಲ್ಲುಗಳೂ ಮೇಲೆದ್ದವು.

"ನೀರೆಲ್ಲಿದೆ? ಹೇಳ್ಬಿಡಣ್ಣ," ಅಂಬಿಗರು ಗೋಗರೆದರು.

"ಇನ್ನೂ ತುಂಬಿ ಹರೀತದೆ ಕಣ್ರೋ!" ಮುದುಕ ಮೊಣಕಾಲುದ್ದದ ನೀರಿಗೆ ದೋಣಿ ನೂಕಿ ಹತ್ತಿದ. ದೋಣಿ ಮರಳು ಕಚ್ಚಿ ನಿಂತಿತು. ಆದರೂ ಗಳ ಊರುತ್ತಲೇ ಇದ್ದ. ಅಂಗೈಯ ನೆತ್ತರು ಗಳಕ್ಕೆ ಇಳಿಯುತ್ತಿತ್ತು.

ಅವಳು ನೀರಿಗಿಳಿದು ಹೋಗಿ, ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು.

"ಇಳಿಹೊಳೆ, ಮಾವ."