ಕೊನೆಯ ಸಾಲಿನ ಮೌನ

ಪಿಯಾನೋ ಪರೀಕ್ಷೆ ನಡೆಯುತ್ತಿತ್ತು. ಹುಡುಗಿ ಮುನ್ನೂರು ವರ್ಷ ಹಳೆಯ ಯುರೋಪಿನ ಬರೋಕ್ ಕಾಲದ ರಚನೆಯೊಂದನ್ನು ನುಡಿಸುತ್ತಿದ್ದಳು. ಕೊನೆಯ ಸಾಲಿಗೆ ಬಂದವಳು ಥಟ್ಟನೆ ನಿಂತಳು. ಸುಮಾರು ಹೊತ್ತು ಸುಮ್ಮನಿದ್ದು, ಉಳಿದದ್ದನ್ನು ಬಲಗೈಯೊಂದರಲ್ಲೇ ಮುಗಿಸಿದಳು.

ಶಾಲು ಹೊದ್ದು ಕುಳಿತಿದ್ದ ವಯಸ್ಸಾದ ಪರೀಕ್ಷಕಿಯ ಮುಖ ಬಿಳಿಚಿಕೊಂಡಿತು.

“ಹಾಗೆ ನಿಲ್ಲಿಸು ಅಂತ ಸ್ವರದ ಹಾಳೇಲಿ ಎಲ್ಲಿ ಬರೆದಿದೆ?”

“ಬರೆದಿಲ್ಲ ಮೇಡಂ. ಆ ಕಾಲದವರು ಎಲ್ಲಾನೂ ಬರೀತಿರಲಿಲ್ಲ, ನುಡಿಸೋರೇ ತುಂಬ್ಕೋಬೇಕು ಅಂತಾರಲ್ಲ.”

“ಇದನ್ನ ನೀನೇ ತುಂಬಿದ್ದಾ?”



“ಇಲ್ಲ ಮೇಡಂ. ನಿಮ್ಮದೇ ಹಳೇ ಕಛೇರಿಯ ರೆಕಾರ್ಡಿಂಗ್ ಕೇಳಿ ಕಲಿತಿದ್ದು. ನಮ್ಮ ಸರ್ ಎಲ್ಲರಿಗೂ ಅದನ್ನೇ ಕೇಳಿಸ್ತಾರೆ. ಅಂಥಾ ಜಾಗದಲ್ಲಿ ಮೌನ ತುಂಬೋಕೆ ಎಂಟೆದೆ ಬೇಕು ಅಂತಾರೆ. ಆವತ್ತು ಕೂತು ಕೇಳ್ತಿದ್ದೋರು ಅತ್ತೇ ಬಿಟ್ರಂತೆ. ಈಗ ನಾವೆಲ್ಲ ಹಾಗೇ ನುಡಿಸೋದು. ತಪ್ಪಾಯ್ತಾ?”

ಪರೀಕ್ಷಕಿ ಶಾಲು ಸರಿಸಿದರು. ತಮ್ಮ ಎಡಗೈಯನ್ನು ಬಲಗೈಯಿಂದ ಎತ್ತಿ ಮೇಜಿನ ಮೇಲಿಟ್ಟರು.

“ನಾನೇನೂ ತುಂಬಲಿಲ್ಲಮ್ಮ. ನಂಗೆ ಲಕ್ವ ಹೊಡೆದಿದ್ದು ಅಲ್ಲೇ.”